ಬಿಷಪ್ಪರಿಗೆ ‘ವರ್ಗ’, ಪಾದ್ರಿಗೆ ‘ಉಂಬಳಿ’: ಇಂಗ್ಲೆಂಡಿನ ಚರ್ಚಿನ ಪದಗಳಿಗೆ ಕನ್ನಡ ಯಾವುದು?

ಗೆಳೆಯರೇ,

ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನೊಳಗಿನ ಅಧಿಕಾರ, ಗತ್ತು, ಸವಲತ್ತುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಪದಗಳ ಹತ್ತಿರ ಬಂದು ನಿಂತಿದ್ದೇನೆ. ಕನ್ನಡದಲ್ಲಿ ಚರ್ಚಿನ ಪದಗಳಿಗೆ ಬರ ಏನಿಲ್ಲ. ಕ್ಯಾಥೊಲಿಕರಲ್ಲಿ ಧರ್ಮಾಧ್ಯಕ್ಷರು, ಧರ್ಮಪ್ರಾಂತ್ಯ ಇವೆ. ಕನ್ನಡ ಬೈಬಲಿನಲ್ಲಿ ಸಭಾಧ್ಯಕ್ಷ ಇದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಸಭಾಪಾಲಕರು, ಅಯ್ಯನವರು ಇದ್ದಾರೆ. ಆದರೆ ಇವೆಲ್ಲ ಆರಾಧನೆ, ಉಪದೇಶದ ಕಡೆಯ ಪದಗಳು. ಇಂಗ್ಲೆಂಡಿನ ಬಿಷಪ್ಪರು ಅರ್ಧ ದೇವರ ಕೆಲಸದವರು, ಇನ್ನರ್ಧ ದರ್ಬಾರಿನವರು. ಆ ಎರಡನೇ ಅರ್ಧಕ್ಕೆ ಮಾತು ಬೇಕು.

ಮೊದಲನೆಯದು, ಒಬ್ಬ ಬಿಷಪ್ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದು. ಅವರ ಭಾಷೆಯಲ್ಲಿ ಇದಕ್ಕೆ ಟ್ರಾನ್ಸ್‌ಲೇಷನ್ ಅನ್ನುತ್ತಾರೆ! ಅನುವಾದಕ್ಕೂ ಇದೇ ಪದ. 2025ರ ಅಕ್ಟೋಬರಿನಲ್ಲಿ ಲಂಡನ್ನಿನ ಬಿಷಪ್ ಸಾರಾ ಮುಲ್ಲಾಲಿ ಅವರ ಹೆಸರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹುದ್ದೆಗೆ, ಅಂದರೆ ಆ ಚರ್ಚಿನ ಅತಿ ಹಿರಿಯ ಹುದ್ದೆಗೆ, ಪ್ರಕಟವಾಯಿತು. ಆ ಪೀಠಕ್ಕೆ ಬಂದ ಮೊದಲ ಹೆಂಗಸು ಅವರು. ಪೂರ್ತಿಯಾಗಿ ಚರ್ಚಿನ ಕೆಲಸಕ್ಕೆ ಬರುವ ಮುಂಚೆ ಅವರು ನರ್ಸ್ ಆಗಿದ್ದವರು, ಇಡೀ ಇಂಗ್ಲೆಂಡಿನ ನರ್ಸಿಂಗ್ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದವರು. ಈಗಾಗಲೇ ಬಿಷಪ್ ಆದವರಿಗೆ ಮತ್ತೊಮ್ಮೆ ದೀಕ್ಷೆ ಕೊಡುವುದಿಲ್ಲ, ಜಾಗ ಮಾತ್ರ ಬದಲು. ‘ಸ್ಥಾನಾಂತರ’ ಅಂತ ಬರೆದೆ, ಸಪ್ಪೆ ಅನಿಸಿತು. ‘ಮೇಷ್ಟ್ರಿಗೆ ವರ್ಗ ಆಯ್ತು’ ಅನ್ನುವ ನಮ್ಮ ‘ವರ್ಗ’ ಸರಿಯಾಗಿ ಕೂರುತ್ತದೆ. ಧರ್ಮಗುರುಗಳಿಗೆ ವರ್ಗ ಅನ್ನಬಹುದೇ ಅಂತ ಒಬ್ಬ ಸ್ನೇಹಿತರು ಮೂಗು ಮುರಿದರು. ಅದು ನಿಜಕ್ಕೂ ವರ್ಗವೇ, ಬಹಳ ಸಲ ಬಡ್ತಿಯ ಜೊತೆಗಿನ ವರ್ಗ. ಏನಂತೀರಿ?

ಎರಡನೆಯದು ಇದಕ್ಕಿಂತ ಮಜವಾಗಿದೆ. ಬಿಷಪ್ಪರನ್ನು ‘ಚುನಾಯಿಸುತ್ತಾರೆ’. ಹೇಗೆ ಅಂದರೆ, ಒಂದು ಸಮಿತಿ ಹೆಸರು ಗೊತ್ತು ಮಾಡಿ ಪ್ರಧಾನಿಗೆ ಕಳಿಸುತ್ತದೆ. 2007ರವರೆಗೆ ಸಮಿತಿ ಎರಡು ಹೆಸರು ಕೊಡುತ್ತಿತ್ತು, ಪ್ರಧಾನಿ ಅದರಲ್ಲಿ ಒಂದನ್ನು ಆರಿಸಬಹುದಿತ್ತು. ಗಾರ್ಡನ್ ಬ್ರೌನ್ ಆ ಹಕ್ಕನ್ನು ಬಿಟ್ಟುಕೊಟ್ಟರು. ಈಗ ಪ್ರಧಾನಿ ಒಂದೇ ಹೆಸರನ್ನು ರಾಜರಿಗೆ ದಾಟಿಸುತ್ತಾರೆ. ರಾಜರು ಕ್ಯಾಥೀಡ್ರಲಿನ (ಬಿಷಪ್ಪರ ಮುಖ್ಯ ಚರ್ಚಿನ) ಕ್ಯಾನನ್‌ಗಳಿಗೆ, ಅಂದರೆ ಅಲ್ಲಿಯ ಮಂಡಳಿಯವರಿಗೆ, ‘ನೀವು ಬಿಷಪ್ಪರನ್ನು ಆರಿಸಬಹುದು’ ಅಂತ ಅಪ್ಪಣೆ ಕೊಡುತ್ತಾರೆ. ಜೊತೆಗೇ ಇನ್ನೊಂದು ಕಾಗದ ಇರುತ್ತದೆ. ಯಾರನ್ನು ಆರಿಸಬೇಕು ಅಂತ ಅದರಲ್ಲಿ ಬರೆದಿರುತ್ತದೆ! ಎಂಟನೇ ಹೆನ್ರಿ 1530ರ ದಶಕದಲ್ಲಿ ಮಾಡಿಸಿದ ಕಾನೂನು ಇದು. ಆ ಹೆಸರನ್ನು ಬಿಟ್ಟು ಬೇರೆಯವರನ್ನು ಆರಿಸಿದರೆ ಆಸ್ತಿ ಮುಟ್ಟುಗೋಲು, ಜೈಲು. ಆ ಶಿಕ್ಷೆ ಪುಸ್ತಕದಿಂದ ಹೋಗಿದ್ದು 1967ರಲ್ಲಿ. ಇದನ್ನು ‘ಚುನಾವಣೆ’ ಅಂದರೆ ಓದುಗರಿಗೆ ಮೋಸ, ‘ನೇಮಕ’ ಅಂದರೆ ಆ ನಾಟಕವೇ ಮಾಯ. ಸದ್ಯಕ್ಕೆ ‘ನಾಮಕಾವಾಸ್ತೆ ಚುನಾವಣೆ’ ಅಂತ ಇಟ್ಟುಕೊಂಡಿದ್ದೇನೆ. ಅಪ್ಪಣೆಯ ಕಾಗದಕ್ಕೆ ‘ನಿರೂಪ’, ಹೆಸರಿರುವ ಕಾಗದಕ್ಕೆ ‘ರಾಯಸ’ ಸರಿಹೋಗುತ್ತವೆಯೇ? ವಿಜಯನಗರ, ಕೆಳದಿ ಕಾಲದ ಕಾಗದಪತ್ರ ಓದಿದವರು ಹೇಳಿ. ಅಲ್ಲಿ ಈ ಎರಡರ ನಡುವೆ ವ್ಯತ್ಯಾಸ ಎಷ್ಟು ಗಟ್ಟಿ?

ಇನ್ನು ಮಠದ ಪದಗಳು. ಪೀಠ, ಪೀಠಾರೋಹಣ, ಪಟ್ಟ. ಕ್ಯಾಥೀಡ್ರಲ್ ಅನ್ನುವ ಹೆಸರೇ ಬಿಷಪ್ಪರ ಕುರ್ಚಿಯಿಂದ ಬಂದದ್ದು, ಹಾಗಾಗಿ ‘ಪೀಠ’ಕ್ಕೆ ತಕರಾರಿಲ್ಲ. ನನ್ನ ಅನುಮಾನ ‘ಪೀಠಾಧಿಪತಿ’ ಬಗ್ಗೆ. ಆ ಪದ ಕೇಳಿದ ಕೂಡಲೇ ನಮಗೆ ಕಾವಿ, ಸನ್ಯಾಸ ಕಣ್ಣಿಗೆ ಬರುತ್ತವೆ. ಈ ಬಿಷಪ್ಪರಿಗೆ ಹೆಂಡತಿ, ಗಂಡ, ಮಕ್ಕಳು ಇರುತ್ತಾರೆ. ಹುದ್ದೆಗೆ ಬರುವಾಗ ರಾಜರ ಮುಂದೆ ಮಂಡಿಯೂರಿ, ತಮ್ಮ ಕೈಗಳನ್ನು ಅವರ ಕೈಗಳ ನಡುವೆ ಇಟ್ಟು ಪ್ರಮಾಣ ಮಾಡುತ್ತಾರೆ. ಯಾವ ಸ್ವಾಮಿಗಳು ಮುಖ್ಯಮಂತ್ರಿಯ ಮುಂದೆ ಹೀಗೆ ಮಾಡುತ್ತಾರೆ? ನಮ್ಮಲ್ಲಿ ಉಲ್ಟಾ ಅಲ್ವಾ!

ಆದರೂ ಒಂದು ಪದವನ್ನು ಮಾತ್ರ ನಮ್ಮ ಕಡೆಯಿಂದ ಕಣ್ಣುಮುಚ್ಚಿ ತಗೊಂಡಿದ್ದೇನೆ: ಅಗ್ರತಾಂಬೂಲ. ಇಂಗ್ಲೆಂಡಿನ ಎರಡು ಆರ್ಚ್‌ಬಿಷಪ್ ಪೀಠಗಳಾದ ಕ್ಯಾಂಟರ್ಬರಿ ಮತ್ತು ಯಾರ್ಕ್ ನಡುವೆ ಇದಕ್ಕಾಗಿ ನೂರಾರು ವರ್ಷ ಜಗಳ ನಡೆದಿದೆ. 1176ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಸಭೆ. ಪೋಪರ ಪ್ರತಿನಿಧಿಯ ಬಲಗಡೆ ಕ್ಯಾಂಟರ್ಬರಿಯ ರಿಚರ್ಡ್ ಕೂತಿದ್ದರು. ಯಾರ್ಕಿನ ರೋಜರ್ ಬಂದವರೇ, ಜಾಗ ಬಿಡದಿದ್ದಕ್ಕೆ ರಿಚರ್ಡರ ತೊಡೆಯ ಮೇಲೇ ಕೂರಲು ಹೋದರಂತೆ. ಕ್ಯಾಂಟರ್ಬರಿ ಕಡೆಯವರು ಎಳೆದು ಹಾಕಿ ಹೊಡೆದು ಬಟ್ಟೆ ಹರಿದರು ಅಂತ ಆ ಕಾಲದವರು ಬರೆದಿಟ್ಟಿದ್ದಾರೆ. ಕೊನೆಗೆ ಆದ ರಾಜಿ ನೋಡಿ: ಯಾರ್ಕಿನವರು ‘ಇಂಗ್ಲೆಂಡಿನ ಪ್ರೈಮೇಟ್’ (ಮೊದಲ ಸ್ಥಾನದ ಬಿಷಪ್), ಕ್ಯಾಂಟರ್ಬರಿಯವರು ‘ಸಮಸ್ತ ಇಂಗ್ಲೆಂಡಿನ ಪ್ರೈಮೇಟ್’. ಆ ಒಂದು ‘ಸಮಸ್ತ’ಕ್ಕೆ ಇಷ್ಟೆಲ್ಲ! ಬಿರುದುಗಳಲ್ಲೂ ಮೇಲು ಕೆಳಗು ಇದೆ: ಪಾದ್ರಿ ರೆವರೆಂಡ್, ಡೀನ್ (ಕ್ಯಾಥೀಡ್ರಲಿನ ಮುಖ್ಯ ಪಾದ್ರಿ) ವೆರಿ ರೆವರೆಂಡ್, ಬಿಷಪ್ ರೈಟ್ ರೆವರೆಂಡ್, ಆರ್ಚ್‌ಬಿಷಪ್ ಮೋಸ್ಟ್ ರೆವರೆಂಡ್. ನಮ್ಮ 108, 1008 ಶ್ರೀಗಳ ಲೆಕ್ಕದವರು ಇದನ್ನು ನೋಡಿ ನಗುವ ಹಾಗಿಲ್ಲ. ಪ್ರೈಮೇಟ್ ಪದವನ್ನು ಹಾಗೇ ಬಿಡೋಣ ಅಂದರೆ ಜೀವಶಾಸ್ತ್ರ ಓದಿದವರಿಗೆ ಕೋತಿ ನೆನಪಾಗುತ್ತದೆ. ‘ಅಗ್ರ ಬಿಷಪ್’ ಸಾಕೇ?

ಡರ್ಹಮ್ಮಿನ ಬಿಷಪ್ಪರಿಗೆ ‘ಪಾಳೆಯಗಾರ ಬಿಷಪ್’ ಅಂದಿದ್ದೇನೆ. ಸ್ಕಾಟ್‌ಲೆಂಡಿನ ಗಡಿಯ ಕಡೆ ಕಾವಲಿಗೆ ಅಂತ ಅವರಿಗೆ ಸ್ವಂತ ಸೈನ್ಯ, ನ್ಯಾಯಾಲಯ, ಟಂಕಸಾಲೆ ಎಲ್ಲ ಇದ್ದವು. ಆ ರಾಜಾಧಿಕಾರದ ಕೊನೆಯ ಪಳೆಯುಳಿಕೆ ಹೋಗಿದ್ದು 1836ರಲ್ಲಿ. ಅದೇ ವರ್ಷದ ಕಾನೂನು ಬಿಷಪ್ಪರ ವರಮಾನ ಕತ್ತರಿಸಿತು. ಕತ್ತರಿಸಿದ ಮೇಲೂ ಕ್ಯಾಂಟರ್ಬರಿಗೆ ವರ್ಷಕ್ಕೆ 15,000 ಪೌಂಡ್!

ನಿಜವಾಗಿ ತಲೆ ತಿಂದದ್ದು ‘ಲಿವಿಂಗ್’ ಅನ್ನುವ ಪದ. ಹಿಂದೆ ಒಂದು ಊರಿನ ಪಾದ್ರಿಯ ಹುದ್ದೆ, ಅದರ ಜೊತೆ ಬರುತ್ತಿದ್ದ ಮನೆ, ಜಮೀನು, ಬೆಳೆಯ ಹತ್ತರಲ್ಲೊಂದು ಪಾಲು, ಇಷ್ಟೂ ಸೇರಿ ಲಿವಿಂಗ್. ಯಾರಿಗೆ ಕೊಡಬೇಕು ಅನ್ನುವ ಹಕ್ಕು ಎಷ್ಟೋ ಕಡೆ ಊರಿನ ದೊಡ್ಡ ಜಮೀನ್ದಾರನದಾಗಿತ್ತು. ಕಿರಿಮಗನಿಗೆ ಆಸ್ತಿ ಬರದಿದ್ದರೆ ಲಿವಿಂಗ್ ಕೊಟ್ಟು ದಡ ಸೇರಿಸುತ್ತಿದ್ದರು. ಆ ಹಕ್ಕನ್ನು ಇಪ್ಪತ್ತನೇ ಶತಮಾನದ ಶುರುವಿನವರೆಗೂ ದುಡ್ಡಿಗೆ ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಇನಾಮು, ಮಾನ್ಯ, ಜಹಗೀರು ಎಲ್ಲ ನೋಡಿದೆ. ‘ಉಂಬಳಿ’ ಹತ್ತಿರ ಅನಿಸುತ್ತಿದೆ. ಕೆಲಸಕ್ಕೆ ಅಂತ ಕೊಟ್ಟ ಭೂಮಿ, ಉಣ್ಣುವುದಕ್ಕೊಂದು ದಾರಿ. ಆದರೆ ಉಂಬಳಿ ವಂಶದಲ್ಲಿ ಇಳಿಯುತ್ತಿತ್ತು. ಲಿವಿಂಗ್ ಪಾದ್ರಿಯ ವಂಶಕ್ಕೆ ಇಳಿಯುವುದಿಲ್ಲ, ಕೊಡುವ ಹಕ್ಕು ಮಾತ್ರ ಜಮೀನ್ದಾರನ ವಂಶಕ್ಕೆ ಇಳಿಯುತ್ತದೆ. ಇಲ್ಲಿ ನನಗೆ ಸಹಾಯ ಜಾಸ್ತಿ ಬೇಕು.

ಅಲ್ಲಿಯ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸಿನಲ್ಲಿ ಕೂರುವ 26 ಬಿಷಪ್ಪರಿಗೆ ‘ಲಾರ್ಡ್ಸ್ ಸ್ಪಿರಿಚುಯಲ್’ ಅನ್ನುತ್ತಾರೆ, ಅದನ್ನು ‘ಆಧ್ಯಾತ್ಮಿಕ ಪ್ರಭುಗಳು’ ಅಂತ ಅನುವಾದ ಮಾಡಿದರೆ ಯೋಗ ಕಲಿಸುವವರ ಹಾಗೆ ಕೇಳುತ್ತದೆ. ಸುಮ್ನೆ ‘ಬಿಷಪ್ ಸದಸ್ಯರು’ ಅನ್ನುತ್ತೇನೆ. ಬಿಷಪ್ಪರ ಮನೆಗೆ ಮಾತ್ರ ‘ಅರಮನೆ’ಯೇ ಇರಲಿ. ಕೇರಳದ ಸಿರಿಯನ್ ಕ್ರೈಸ್ತರು ಬಿಷಪ್ಪರ ನಿವಾಸಕ್ಕೆ ‘ಅರಮನ’ ಅಂತಲೇ ಅನ್ನುತ್ತಾರೆ. ಇಂಗ್ಲೆಂಡಿನ ವೆಲ್ಸ್ ಊರಿನ ಅರಮನೆಗೆ ಸುತ್ತ ಕಂದಕ ಇದೆ. ಅದರಲ್ಲಿರುವ ಹಂಸಗಳು ಹಸಿವಾದರೆ ಗಂಟೆ ಎಳೆದು ಊಟ ಕೇಳುತ್ತವೆ. ಅಲ್ಲಿಂದ ಬಿಷಪ್ಪರನ್ನು ಬೇರೆ ಮನೆಗೆ ಕಳಿಸಲು ಚರ್ಚಿನ ಆಸ್ತಿ ನೋಡುವವರು ಹೊರಟಾಗ ಊರಿನವರೇ ತಿರುಗಿಬಿದ್ದರು. 2014ರಲ್ಲಿ ಆ ಯೋಜನೆ ಬಿದ್ದುಹೋಯಿತು. ಗತ್ತು ಬೇಕಾಗಿರುವುದು ಬಿಷಪ್ಪರಿಗಿಂತ ಊರಿಗೇ ಇರಬಹುದು.

ಈ ದರ್ಬಾರು ಇಲ್ಲಿಗೂ ಬಂದಿತ್ತು. 1813ರ ಕಾನೂನಿನ ಪ್ರಕಾರ ಕಲ್ಕತ್ತೆಯ ಬಿಷಪ್ಪರಿಗೆ ಈಸ್ಟ್ ಇಂಡಿಯಾ ಕಂಪನಿ ವರ್ಷಕ್ಕೆ 5,000 ಪೌಂಡ್ ಸಂಬಳ ಕೊಡಬೇಕಿತ್ತು. 1947ರ ಸೆಪ್ಟೆಂಬರಿನಲ್ಲಿ ಸಿಎಸ್‌ಐ ಆದಾಗ ಇಲ್ಲಿಯ ಆಂಗ್ಲಿಕನರು ಬಿಷಪ್ ಹುದ್ದೆ ಉಳಿಸಿಕೊಂಡರು. ಎಲ್ಲರ ಮೇಲೆ ಒಂದು ಅವಧಿಗೆ ಆರಿಸಿದ ಮುಖ್ಯಸ್ಥ, ಅಂದರೆ ಮಾಡರೇಟರ್, ಬಂದರು. ಬೆಂಗಳೂರು ದಂಡಿನ ಹಳೆಯ ಆಂಗ್ಲಿಕನ್ ಮನೆತನದವರು ಇಲ್ಲಿ ಯಾರಾದರೂ ಇದ್ದೀರಾ? 1947ಕ್ಕೂ ಮುಂಚೆ, ಮನೆಯಲ್ಲಿ ಕನ್ನಡ ಆಡುವಾಗ ಬಿಷಪ್ಪರಿಗೆ, ಅವರ ಬಂಗಲೆಗೆ, ಸಂಬಳಕ್ಕೆ ಏನೇನು ಅನ್ನುತ್ತಿದ್ದರು? ಬೈಗುಳವಾದರೂ ಪರವಾಗಿಲ್ಲ, ಬರೆಯಿರಿ.