ಸಮುದ್ರದಲ್ಲಿ ಬೆರೆತ ಚಿನೂಕ್ ಸಾಲ್ಮನ್: ಯಾವ ನದಿಯ ಪಾಲೆಷ್ಟು, ಲೆಕ್ಕ ಯಾವುದು ಸರಿ?

ಪ್ರಶ್ನೆ (ಅಂಕಿಅಂಶ_ವಿದ್ಯಾರ್ಥಿ):
ನಮಸ್ಕಾರ. ನದಿಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಮರಳುವ ಚಿನೂಕ್ ಮೀನುಗಳಲ್ಲಿ, ಕ್ಯಾಲಿಫೋರ್ನಿಯಾ ಕಡಲಿನಲ್ಲಿ ಹಿಡಿದವುಗಳ ಪೈಕಿ ಯಾವ ನದಿಯವು ಎಷ್ಟೆಂದು ಡಿಎನ್‌ಎ ಆಧಾರದಲ್ಲಿ ಅಂದಾಜಿಸುವುದನ್ನು, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರೂಬಿಯಾಸ್ ಪ್ಯಾಕೇಜಿನೊಂದಿಗೇ ಬರುವ ಮಾದರಿ ದತ್ತಾಂಶವನ್ನಿಟ್ಟುಕೊಂಡು ಕಲಿಯುತ್ತಿದ್ದೇನೆ. ಪ್ರತಿ ಮೀನನ್ನೂ ಅತಿ ಹೆಚ್ಚು ಸಂಭವನೀಯತೆ ಇರುವ ಗುಂಪಿಗೆ ಸೇರಿಸಿ ಎಣಿಸಿದಾಗ ಸಿಗುವ ಪಾಲು, ತಂತ್ರಾಂಶವೇ ಕೊಡುವ ಪಾಲಿನೊಂದಿಗೆ ತಾಳೆಯಾಗುತ್ತಿಲ್ಲ. ವರದಿಯಲ್ಲಿ ಯಾವುದನ್ನು ಬರೆಯಬೇಕು? ಇನ್ನೊಂದು ಅನುಮಾನ: ಫೆದರ್ ನದಿಯ ಮರಿ ಕೇಂದ್ರದ, ವಸಂತಕಾಲದಲ್ಲಿ ನದಿಗೆ ಮರಳುವ ಮೀನುಗಳನ್ನು ಬೇಸ್‌ಲೈನ್‌ನಲ್ಲಿ (ಯಾವ ನದಿಯವೆಂದು ಮೊದಲೇ ಗೊತ್ತಿರುವ ಮೀನುಗಳ ಡಿಎನ್‌ಎ ದತ್ತಾಂಶ) ಶರತ್ಕಾಲದ ಗುಂಪಿಗೆ ಸೇರಿಸಿದ್ದಾರೆ. ಇದು ಕೈತಪ್ಪೇ?

ಉತ್ತರ (ಬೇಸಿಯನ್_ಹವ್ಯಾಸಿ):
ತಂತ್ರಾಂಶದ ಪಾಲನ್ನೇ ಬರೆಯಿರಿ. ನೂರು ಮೀನು ಸಿಕ್ಕಿವೆ, ಪ್ರತಿಯೊಂದಕ್ಕೂ ಒಂದು ನದಿಯ ಸಂಭವನೀಯತೆ 0.6, ಇನ್ನೊಂದರದು 0.4 ಎಂದುಕೊಳ್ಳಿ. ನಿಮ್ಮ ಎಣಿಕೆಯಲ್ಲಿ ನೂರಕ್ಕೆ ನೂರೂ ಮೊದಲ ನದಿಯ ಲೆಕ್ಕಕ್ಕೆ ಹೋಗುತ್ತವೆ. ಸಂಭವನೀಯತೆಗಳನ್ನೇ ಕೂಡಿದರೆ 60 ಮತ್ತು 40 ಬರುತ್ತದೆ. ಅನುಮಾನವಿದ್ದ ಮೀನನ್ನೆಲ್ಲ ಖಚಿತವೆಂದು ಎಣಿಸಿದ್ದೇ ವ್ಯತ್ಯಾಸಕ್ಕೆ ಕಾರಣ.

ಅಲಾಸ್ಕಾದ ಮೀನುಗಾರಿಕೆ ಇಲಾಖೆಯ ಹಳೆಯ ಸ್ಪ್ಯಾಮ್ ತಂತ್ರಾಂಶವು (ಅಂಚೆಪೆಟ್ಟಿಗೆಯ ಸ್ಪ್ಯಾಮ್ ಅಲ್ಲ!) ಗರಿಷ್ಠ ಸಂಭಾವ್ಯತೆಯ ವಿಧಾನದಿಂದ (ಸಿಕ್ಕ ದತ್ತಾಂಶಕ್ಕೆ ಅತಿ ಚೆನ್ನಾಗಿ ಹೊಂದುವ ಪಾಲನ್ನು ಆರಿಸುವುದು) ಪಾಲನ್ನು ಅಂದಾಜಿಸುತ್ತಿತ್ತು. ಪೆಲ್ಲಾ ಮತ್ತು ಮಸೂದಾ ಎಂಬ ಸಂಶೋಧಕರು 2001ರಲ್ಲಿ ಮಂಡಿಸಿದ ಬೇಸಿಯನ್ ವಿಧಾನದಲ್ಲಿ (ಮೊದಲಿನ ಅಂದಾಜನ್ನು ಹೊಸ ದತ್ತಾಂಶದಿಂದ ತಿದ್ದುತ್ತಾ ಹೋಗುವುದು), ಬಲೆಗೆ ಬಿದ್ದ ಮೀನುಗಳ ಮಾಹಿತಿಯೂ ಬೇಸ್‌ಲೈನ್‌ನ ಅಲೀಲ್ (ಒಂದೇ ವಂಶವಾಹಿಯ ಬೇರೆ ಬೇರೆ ರೂಪ) ಪ್ರಮಾಣಗಳನ್ನು ತಿದ್ದುತ್ತದೆ. ರೂಬಿಯಾಸ್ ಸಾಮಾನ್ಯವಾಗಿ ಬೇಸ್‌ಲೈನನ್ನು ಮುಟ್ಟದೆ ಪಾಲನ್ನಷ್ಟೇ ಅಂದಾಜಿಸುತ್ತದೆ.

ಉತ್ತರ (ನದಿಮುಖ):
ಫೆದರ್‌ನದು ಕೈತಪ್ಪಲ್ಲ. ಆ ಕೇಂದ್ರದಲ್ಲಿ ವಸಂತದ ಮತ್ತು ಶರತ್ಕಾಲದ ಮೀನುಗಳು ವರ್ಷಗಟ್ಟಲೆ ಬೆರೆತು ಸಂತಾನ ಪಡೆದಿರುವುದರಿಂದ, ಡಿಎನ್‌ಎ ನೋಡಿ ಅವನ್ನು ಬೇರ್ಪಡಿಸುವುದು ಬಹಳ ಕಷ್ಟ. ಗುಂಪು ಕಟ್ಟುವಾಗ ನದಿಗೆ ಮರಳುವ ಋತುವಿನ ಹೆಸರಿಗಿಂತ, ತಂತ್ರಾಂಶ ಯಾವುದನ್ನು ಪ್ರತ್ಯೇಕಿಸಬಲ್ಲದು ಎಂಬುದನ್ನೇ ನೋಡುತ್ತಾರೆ.

ಸ್ಯಾಕ್ರಮೆಂಟೊ ನದಿಯ ಚಳಿಗಾಲದ ಚಿನೂಕ್ ಇದಕ್ಕೆ ತದ್ವಿರುದ್ಧ: ತಳಿಯಾಗಿ ಎದ್ದು ಕಾಣುವಷ್ಟು ಬೇರೆ. ನಿಮ್ಮ ಮಿಶ್ರಣದಲ್ಲಿ ಅವು ಸಿಕ್ಕಿದ್ದರೆ, ಎಣಿಕೆಯೂ ಅಂದಾಜೂ ಹೆಚ್ಚುಕಡಿಮೆ ಒಂದೇ ಬರಬೇಕು. ಅವು 1994ರಿಂದ ಅಮೆರಿಕದ ಅಳಿವಿನಂಚಿನ ಪಟ್ಟಿಯಲ್ಲಿರುವುದರಿಂದ, ಪಾಲು ಎಷ್ಟೇ ಚಿಕ್ಕದಿದ್ದರೂ ಅದರ ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಕೊಡದೆ ಬಿಡಬೇಡಿ.

ಉತ್ತರ (ಬೇಸಿಯನ್_ಹವ್ಯಾಸಿ):
ಒಂದು ಮಾತು ಬಿಟ್ಟುಹೋಗಿತ್ತು. ಬೇಸ್‌ಲೈನ್‌ನಲ್ಲಿಲ್ಲದ ನದಿಯ ಮೀನು ಬಲೆಗೆ ಬಿದ್ದರೂ, ತಂತ್ರಾಂಶವು ಅದನ್ನು ಇದ್ದುದರಲ್ಲೇ ಯಾವುದಾದರೊಂದು ಗುಂಪಿಗೆ ಸೇರಿಸಿಬಿಡುತ್ತದೆ, ಸಂಭವನೀಯತೆ 0.99 ಎಂದೂ ತೋರಿಸಬಹುದು. ಆದ್ದರಿಂದ ಪ್ರತಿ ಮೀನಿಗೂ ಕೊಟ್ಟಿರುವ ಜ಼ಡ್ ಅಂಕದ (ಸೇರಿಸಿದ ಗುಂಪಿನಲ್ಲಿ ನಿರೀಕ್ಷಿಸುವುದಕ್ಕಿಂತ ಆ ಮೀನಿನ ಡಿಎನ್‌ಎ ಎಷ್ಟು ಬೇರೆ ಎಂಬ ಅಳತೆ) ನಕ್ಷೆ ಬರೆದು, ಅದು ಸಾಮಾನ್ಯ ವಿತರಣೆಯ ರೇಖೆಗಿಂತ ಎಡಕ್ಕೆ ಬಹಳ ಚಾಚಿದೆಯೇ ಎಂದು ನೋಡಿ.

ಪ್ರತಿಕ್ರಿಯೆ (ಅಂಕಿಅಂಶ_ವಿದ್ಯಾರ್ಥಿ):
ಧನ್ಯವಾದಗಳು. ಆ ಜ಼ಡ್ ಅಂಕದ ಕಾಲಂ ಏಕಿದೆಯೆಂದು ತಿಳಿಯದೆ ನಿನ್ನೆಯಷ್ಟೇ ಅಳಿಸಿದ್ದೆ. ಈಗ ಮತ್ತೊಮ್ಮೆ ಓಡಿಸುತ್ತಿದ್ದೇನೆ.