ಸಹಾಯ ಬೇಕು: ಪುಣೆಯಲ್ಲಿರೋ ನಮ್ಮ ಹುಡುಗ ಹುಡುಗಿಯರ ಹೆಸರು ಮತದಾರರ ಪಟ್ಟಿಗೆ ಸೇರಿಸಲು

ಎಲ್ಲರಿಗೂ ನಮಸ್ಕಾರ.

ನಾನು ವಾಕಡದಲ್ಲಿದ್ದೇನೆ. ನಮ್ಮ ಪಿಜಿಯಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಹುಡುಗರೇ ಜಾಸ್ತಿ. ಹಿಂಜೆವಾಡಿಯಲ್ಲಿ ಕೆಲಸ. ರಾತ್ರಿ ಊಟಕ್ಕೆ ಕೂತರೆ ರಾಜಕೀಯದ ಮಾತು ಮುಗಿಯೋದೇ ಇಲ್ಲ. ಆದರೆ ಮತ ಹಾಕಿದವರು ಬೆರಳೆಣಿಕೆಯಷ್ಟು. ಹೆಸರು ಊರಿನ ಪಟ್ಟಿಯಲ್ಲಿದೆ, ಆ ದಿನ ರಜೆಯೂ ಸಿಗಲ್ಲ, ಬಸ್ ಟಿಕೆಟೂ ಸಿಗಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ಉತ್ತರ ಕರ್ನಾಟಕದಲ್ಲಿ ಮೇ 7ಕ್ಕೆ ಮತದಾನ ಇತ್ತು, ಪುಣೆಯಲ್ಲಿ ಮೇ 13ಕ್ಕೆ. ಇವರು ಎರಡೂ ಕಡೆ ಮತ ಹಾಕೋಕಾಗಲಿಲ್ಲ. ಇವರನ್ನು ಸೋಮಾರಿಗಳು ಅನ್ನೋದು ತಪ್ಪು ಅಂತ ನನಗನಿಸುತ್ತದೆ.

ವಿಳಾಸ ಬದಲಿಸಲು ಫಾರ್ಮ್ 8, ಹೊಸದಾಗಿ ಸೇರಲು ಫಾರ್ಮ್ 6. ಎರಡನ್ನೂ ಮೊಬೈಲಿನಲ್ಲೇ ತುಂಬಬಹುದು. 17 ದಾಟಿದವರು ಮೊದಲೇ ಅರ್ಜಿ ಹಾಕಬಹುದು. ಈಗ ಜನವರಿ 1 ಒಂದೇ ಅಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ 18 ತುಂಬಿದರೂ ಲೆಕ್ಕಕ್ಕೆ ಬರುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಅಲ್ವಾ?

ನಾವು ಸಿಕ್ಕಿಬಿದ್ದಿರೋದು ವಿಳಾಸದ ದಾಖಲೆಯಲ್ಲಿ. ಆಧಾರ್‌ನಲ್ಲಿ ಊರಿನ ವಿಳಾಸ, ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿ, ಪಿಜಿಯವರು ಬಾಡಿಗೆ ಕರಾರು ಕೊಡಲ್ಲ. ಇಂಥ ಸ್ಥಿತಿಯಲ್ಲಿ ಯಾರಾದರೂ ಹೆಸರು ಸೇರಿಸಿಕೊಂಡಿದ್ದೀರಾ? ಯಾವ ದಾಖಲೆ ಕೊಟ್ಟಿರಿ? ಬ್ಯಾಂಕ್ ಪಾಸ್‌ಬುಕ್ ನಡೆಯಿತೇ?

ಇನ್ನೊಂದು, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ವಿಚಾರಣೆಗೆ ಬಂದಾಗ ಮರಾಠಿಯಲ್ಲಿ ಸರಿಯಾಗಿ ಮಾತಾಡೋರು ಬೇಕು. ನಮ್ಮ ಹುಡುಗರು ತಡವರಿಸುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಅಕ್ಕ ಅಣ್ಣಂದಿರು ಯಾರಾದರೂ ಒಂದು ಭಾನುವಾರ ಬಿಡುವು ಮಾಡಿಕೊಂಡು ಬರ್ತೀರಾ? ಚಹಾ, ತಿಂಡಿ ನಮ್ಮದು. ಕೆಳಗೆ ಬರೆಯಿರಿ, ಇಲ್ಲವೇ ನನಗೆ ಮೆಸೇಜ್ ಮಾಡಿ.