ಸಹಾಯ ಬೇಕು: ಸ್ಯಾನ್ ಪೆಡ್ರೊ ನದಿ ದಂಡೆಯ ಸುತ್ತು ದಾರಿ, ಅಮ್ಮನಿಗೆ ಆಗುತ್ತಾ?

ಅರಿಜೋನಾದ ಕನ್ನಡಿಗರೇ, ಮಾರ್ಚ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಸಿಯೆರಾ ವಿಸ್ಟಾ ಹತ್ತಿರದ ಸ್ಯಾನ್ ಪೆಡ್ರೊ ಹೌಸ್‌ನಿಂದ ಹೊರಟು, ನದಿ ಪಕ್ಕ ಸುತ್ತಿ ಅಲ್ಲಿಗೇ ವಾಪಸ್ ಬರುವ ದಾರಿಯಲ್ಲಿ ಅವರ ಜೊತೆ ನಡೆಯುವಾಸೆ. 1988ರಿಂದ ಇದು ಸಂರಕ್ಷಿತ ಪ್ರದೇಶ. ನದಿ ಮೆಕ್ಸಿಕೋದಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುತ್ತದೆ. ಸುತ್ತಲೂ ಒಣ ಬಯಲು, ನೀರಿನ ಅಂಚಿನಲ್ಲಿ ಮಾತ್ರ ಎತ್ತರದ ಕಾಟನ್‌ವುಡ್ ಮರಗಳ ಸಾಲು. ಹಕ್ಕಿಗಳಿಗೆ ಅದೇ ಆಸರೆ. ರಂಗನತಿಟ್ಟಿಗೆ ಹೋದರೆ ಅಪ್ಪ ಮನೆಗೆ ಬರಲು ಒಪ್ಪುವುದೇ ಇಲ್ಲ, ಅವರಿಗೆ ಕೆಂಪು ವರ್ಮಿಲಿಯನ್ ಫ್ಲೈಕ್ಯಾಚರ್ ತೋರಿಸಲೇಬೇಕು.

ಅಮ್ಮನಿಗೆ ಮಂಡಿನೋವು. ದಾರಿ ಸಮತಟ್ಟು ಅಂತ ಗೊತ್ತು, ಆದರೆ ಮರಳು ಜಾಸ್ತಿ ಇದೆಯಾ? ನಡುವೆ ಕೂರಲು ಬೆಂಚು ಸಿಗುತ್ತಾ? ರ‍್ಯಾಟಲ್ ಹಾವುಗಳ ಭಯವೂ ಇದೆ. ಇತ್ತೀಚೆಗೆ ಹೋದವರು ದಯವಿಟ್ಟು ತಿಳಿಸಿ.